ವೋಡ್ಕಾದಲ್ಲಿ ಜೂನಿಪರ್ ನೆನೆಹಾಕಿದರೆ ಜಿನ್ ಆಗುತ್ತಾ? ಮನೆಯ ಏಲಕ್ಕಿ, ಮೆಣಸು, ಕಿತ್ತಳೆ ಸಿಪ್ಪೆಯ ಕಾಂಪೌಂಡ್ ಜಿನ್

ಕಾಫಿಗೊಂಚಲು, ವಿರಾಜಪೇಟೆ

ಇಲ್ಲಿ ಹಿಂದೆ ನಡೆದ ಪಂದಿಕರಿ (ಕೊಡಗಿನ ಹಂದಿ ಮಾಂಸದ ಅಡುಗೆ) ಚರ್ಚೆಯಲ್ಲಿ ಇಬ್ಬರು ಮೂವರು ಕೇಳಿದ್ದರು: "ಅಕ್ಕ, ಮನೆಯಲ್ಲೇ ಜಿನ್ ಮಾಡ್ತೀರಂತೆ, ಭಟ್ಟಿ ಎಲ್ಲಿಟ್ಟಿದ್ದೀರಿ?" ಭಟ್ಟಿಯೂ ಇಲ್ಲ, ಕೊಳವೆಯೂ ಇಲ್ಲ. ಅಡುಗೆಮನೆ ಕಪಾಟಿನಲ್ಲಿ ಉಪ್ಪಿನಕಾಯಿ ಜಾಡಿ ಪಕ್ಕ ಒಂದು ಗಾಜಿನ ಬಾಟಲಿ ಇದೆ, ಅಷ್ಟೇ. ಅಂಗಡಿಯಿಂದ ಬಿಲ್ ಹಾಕಿಸಿ ತಂದ ವೋಡ್ಕಾದಲ್ಲಿ ಜೂನಿಪರ್ ಕಾಯಿ (ಜಿನ್ನಿಗೆ ಅದರ ವಾಸನೆ ಕೊಡುವ ಕಾಯಿ) ಮತ್ತು ಮಸಾಲೆ ನೆನೆಹಾಕಿ ಸೋಸಿದರೆ ಆಯಿತು. ಇದಕ್ಕೆ ಕಾಂಪೌಂಡ್ ಜಿನ್ ಅಂತಾರೆ. ಒಲೆ ಹಚ್ಚುವ ಕೆಲಸವೇ ಇಲ್ಲ.

ನಾನು ಮಾಡುವ ರೀತಿ ಹೇಳುತ್ತೇನೆ. 750 ಮಿ.ಲೀ. ಸಾದಾ ವೋಡ್ಕಾ. ಯಾವ ಫ್ಲೇವರ್ ಕೂಡ ಇರಬಾರದು. ನಮ್ಮಲ್ಲಿ ಅಗ್ಗದ ವೋಡ್ಕಾ ಹೆಚ್ಚಾಗಿ ಕಬ್ಬಿನ ಕಾಕಂಬಿಯಿಂದ ಬಂದ ಸ್ಪಿರಿಟ್ಟಿನದು. ಧಾನ್ಯದ್ದು ಅಂತ ಲೇಬಲ್ ಮೇಲಿದ್ದರೆ ಅದನ್ನೇ ತಗೊಳ್ಳಿ, ಸ್ವಲ್ಪ ನಯವಾಗಿರುತ್ತೆ. ಅದಕ್ಕೆ 20 ಗ್ರಾಂ ಜೂನಿಪರ್ ಮತ್ತು ಒಂದು ದೊಡ್ಡ ಚಮಚ ಕೊತ್ತಂಬರಿ ಬೀಜ. ಎರಡನ್ನೂ ಕುಟ್ಟಾಣಿಯಲ್ಲಿ ಒಂದೇ ಒಂದು ಪೆಟ್ಟು ಕೊಟ್ಟು ಹಾಕಿ. ಪುಡಿ ಮಾಡಬೇಡಿ, ಆಮೇಲೆ ಸೋಸುವಾಗ ಅಳಬೇಕಾಗುತ್ತೆ. ಬಿಸಿಲು ಬೀಳದ ಜಾಗದಲ್ಲಿ ಒಂದು ಹಗಲು, ಒಂದು ರಾತ್ರಿ ಇಡಿ.

ಮರುದಿನ ಏಲಕ್ಕಿ, ಕರಿಮೆಣಸು, ಕಿತ್ತಳೆ ಸಿಪ್ಪೆ. ಇಲ್ಲಿ ಕೈ ಬಿಗಿ ಹಿಡಿಯಬೇಕು. ಇಡೀ ಬಾಟಲಿಗೆ ಏಲಕ್ಕಿ ಒಂದು ಕಾಯಿ, ಬೇಕಾದರೆ ಎರಡು. ಮೆಣಸು ಮೂರ್ನಾಲ್ಕು ಕಾಳು. ಸಿಪ್ಪೆ ಅರ್ಧ ಹಣ್ಣಿನದ್ದು. ಎಂಟರಿಂದ ಹನ್ನೆರಡು ಗಂಟೆ ಸಾಕು. ನಡುವೆ ಒಂದೆರಡು ಸಲ ಅರ್ಧ ಚಮಚ ನೀರಿಗೆ ಬೆರೆಸಿ ರುಚಿ ನೋಡಿ. ಸಾಕು ಅನ್ನಿಸಿದ ಕ್ಷಣ ಸೋಸಿಬಿಡಿ. ಮೊದಲು ತೆಳು ಮಲ್ ಬಟ್ಟೆ, ಆಮೇಲೆ ಕಾಫಿ ಫಿಲ್ಟರ್ ಪೇಪರ್. ಬಣ್ಣ ತಿಳಿ ಚಹಾದ್ದು ಬರುತ್ತೆ. ಕೆಟ್ಟಿಲ್ಲ, ಗಾಬರಿ ಬೇಡ.

ನಮ್ಮ ಮನೆ ಮೆಣಸು, ನಮ್ಮ ಮನೆ ಏಲಕ್ಕಿ ಅಂತ ಪ್ರೀತಿಯಿಂದ ಮುಷ್ಟಿ ತುಂಬಿ ಹಾಕುವವರಿಗೆ ಮೊದಲೇ ಹೇಳುತ್ತೇನೆ: ಅದು ಕಷಾಯ ಆಗುತ್ತೆ, ಜಿನ್ ಆಗಲ್ಲ.

ಮಾಜಿ ಫೌಜಿ, ಗೋಣಿಕೊಪ್ಪ

ಕ್ಯಾಂಟೀನ್ ರಮ್ ಇರುವ ಮನೆಗೆ ಇದೆಲ್ಲ ಯಾಕಮ್ಮ? ಸುಮ್ನೆ ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ವೋಡ್ಕಾಕ್ಕೆ ಮಸಾಲೆ ಹಾಕಿದರೆ ಅದು ಮಸಾಲೆ ವೋಡ್ಕಾ. ಜಿನ್ ಅಂತ ಹೆಸರು ಯಾಕೆ?

ಕಾಫಿಗೊಂಚಲು, ವಿರಾಜಪೇಟೆ

ಮಾವ, ಬೇಜಾರೇನಿಲ್ಲ. ಎಲ್ಲ ಜಿನ್ನೂ ಅದೇ ತಾನೇ? ಯಾವ ರುಚಿಯೂ ಇಲ್ಲದ ಸ್ಪಿರಿಟ್ಟಿಗೆ ಜೂನಿಪರ್ ವಾಸನೆ ಹತ್ತಿಸಿದ್ದು. ದೊಡ್ಡ ದೊಡ್ಡ ಹೆಸರಿನ ಕಂಪನಿಗಳಲ್ಲೂ ಬಹಳಷ್ಟು ಸ್ಪಿರಿಟ್ಟನ್ನು ಹೊರಗಿಂದ ಕೊಂಡು, ಜೂನಿಪರ್, ಕೊತ್ತಂಬರಿ ಸೇರಿಸಿ ಮತ್ತೆ ಭಟ್ಟಿ ಇಳಿಸುತ್ತವೆ. ನಾವು ಆ ಎರಡನೇ ಭಟ್ಟಿ ಬಿಟ್ಟಿದ್ದೇವೆ ಅಷ್ಟೇ.

ಯುರೋಪಿನ ಕಾನೂನಲ್ಲೂ ಇದಕ್ಕೆ ಜಾಗ ಇದೆ. ಜೂನಿಪರ್ ರುಚಿಯೇ ಮುಂದೆ ನಿಲ್ಲಬೇಕು, ಆಲ್ಕೋಹಾಲ್ ಕನಿಷ್ಠ 37.5 ಶೇಕಡಾ ಇರಬೇಕು, ಆಗ ಜಿನ್ ಅಂತ ಕರೆಯಬಹುದು. ಭಟ್ಟಿ ಇಳಿಸಲೇಬೇಕು ಅನ್ನುವುದು "ಡಿಸ್ಟಿಲ್ಡ್ ಜಿನ್", "ಲಂಡನ್ ಜಿನ್" ಅಂತ ಲೇಬಲ್ ಹಾಕುವವರಿಗೆ. ನಮ್ಮ ವೋಡ್ಕಾ 42.8 ಶೇಕಡಾ ಇರುವುದರಿಂದ ಆ ಲೆಕ್ಕದಲ್ಲೂ ಪಾಸು. ಜೂನಿಪರ್ ಬಿಟ್ಟು ಬರೀ ಏಲಕ್ಕಿ ಹಾಕಿದರೆ ಮಾತ್ರ ನೀವು ಹೇಳಿದ್ದೇ ಸರಿ, ಅದು ಮಸಾಲೆ ವೋಡ್ಕಾ.

ಮೇಷ್ಟ್ರು, ಮಡಿಕೇರಿ

ಇಲ್ಲಿ ಸ್ವಲ್ಪ ರಸಾಯನಶಾಸ್ತ್ರ ಬೇಕು. ಕೊರೆಯುತ್ತೇನೆ, ಕ್ಷಮಿಸಿ.

ಭಟ್ಟಿಗೂ ನೆನೆಹಾಕುವುದಕ್ಕೂ ಇರುವ ದೊಡ್ಡ ವ್ಯತ್ಯಾಸ ಕರಿಮೆಣಸಿನಲ್ಲಿ ಗೊತ್ತಾಗುತ್ತೆ. ಮೆಣಸಿನ ಪರಿಮಳ ಅದರ ಎಣ್ಣೆಯಲ್ಲಿದೆ. ಅದು ಆವಿಯಾಗುತ್ತೆ. ಖಾರ ಇರುವುದು ಪೈಪರಿನ್‌ನಲ್ಲಿ. ಅದು ಆವಿಯಾಗಿ ಮೇಲೆ ಹೋಗಲ್ಲ, ಆದರೆ ಆಲ್ಕೋಹಾಲಿನಲ್ಲಿ ಚೆನ್ನಾಗಿ ಕರಗುತ್ತೆ. ಹಾಗಾಗಿ ಭಟ್ಟಿ ಇಳಿಸಿದ ಜಿನ್‌ನಲ್ಲಿ ಮೆಣಸಿನ ವಾಸನೆ ಸಿಗುತ್ತೆ, ನಾಲಿಗೆ ಉರಿಯಲ್ಲ. ಕಾಂಪೌಂಡ್ ಜಿನ್‌ನಲ್ಲಿ ಎರಡೂ ಬರುತ್ತವೆ. ಸಿಪ್ಪೆಯ ಕಹಿ, ಚಕ್ಕೆಯ ಒಗರು, ಬಣ್ಣ ಎಲ್ಲ ಇದೇ ಲೆಕ್ಕ. ಭಟ್ಟಿಯಲ್ಲಿ ಹಾರುವಂಥದ್ದು ಮಾತ್ರ ಬರುತ್ತೆ, ಇಲ್ಲಿ ಕರಗುವಂಥದ್ದೆಲ್ಲ ಬರುತ್ತೆ. ಭಟ್ಟಿಯ ಜಿನ್ನಿನ ರೆಸಿಪಿಯನ್ನು ಇಂಟರ್ನೆಟ್ಟಿನಿಂದ ಎತ್ತಿ ಅದೇ ಅಳತೆಯಲ್ಲಿ ನೆನೆಹಾಕಿದವರದ್ದು ಕುಡಿಯಲು ಆಗದಂತಾಗುವುದು ಇದಕ್ಕೇ. ಲವಂಗವನ್ನಂತೂ ಮುಟ್ಟಲೇಬೇಡಿ. ಅದರ ಯೂಜಿನಾಲ್ ಒಂದು ಸಲ ಒಳಗೆ ಬಂದರೆ ಬೇರೆ ಯಾರಿಗೂ ಜಾಗ ಕೊಡಲ್ಲ, ಬಾಟಲಿ ತುಂಬ ಹಲ್ಲುನೋವಿನ ಔಷಧಿ ವಾಸನೆ.

ಏಲಕ್ಕಿಮಲೆ, ಸೋಮವಾರಪೇಟೆ

ಏಲಕ್ಕಿ ಒಂದೇ ಕಾಯಿ ಅಂದಿದ್ದು ಓದಿ ಎದೆ ಒಡೆಯಿತು ಮಾರಾಯ್ರೆ. ಸರಿ, ಒಪ್ಪಿಕೊಂಡೆ. ಆದರೆ ಜೂನಿಪರ್ ಎಲ್ಲಿ ಸಿಗುತ್ತೆ? ನಮ್ಮ ಕಡೆ ಬೆಳೆಯುತ್ತಾ?

ಕಾಫಿಗೊಂಚಲು, ವಿರಾಜಪೇಟೆ

ಕೊಡಗಿನಲ್ಲಿ ಬೆಳೆಯಲ್ಲ. ನಮ್ಮ ದೇಶದಲ್ಲಿ ಹಿಮಾಲಯದ ಕಡೆ ಎತ್ತರದಲ್ಲಿ ಬೆಳೆಯುತ್ತೆ. ಹೊರದೇಶದಿಂದ ಬರುವುದು ಹೆಚ್ಚಾಗಿ ಇಟಲಿ ಮತ್ತು ಬಾಲ್ಕನ್ ದೇಶಗಳದ್ದು. ಹಣ್ಣಿನ ಹಾಗೆ ಕಂಡರೂ ಅದು ಪೈನ್ ಮರದ ಶಂಕುವಿನ ಜಾತಿ. ಬಲಿಯಲು ಎರಡು ಮೂರು ವರ್ಷ ಬೇಕು. ಅದಕ್ಕೇ ಕಾಫಿ ಗಿಡದ ಹಾಗೆ ಒಂದೇ ಕೊಂಬೆಯಲ್ಲಿ ಹಸಿರು ಕಾಯಿ, ಬಲಿತ ಕಾಯಿ ಎರಡೂ ಇರುತ್ತವೆ. ಅಲ್ಲಿ ಕೊಂಬೆಗೆ ಕೋಲಿನಿಂದ ಬಡಿಯುತ್ತಾರೆ, ಬಲಿತದ್ದು ಮಾತ್ರ ಉದುರುತ್ತೆ.

ಆನ್‌ಲೈನ್‌ನಲ್ಲಿ ಅಡುಗೆಗೆ ಅಂತಲೇ ಮಾರುವ ಪ್ಯಾಕೆಟ್ ಸಿಗುತ್ತೆ. ಬಂದ ಕೂಡಲೇ ಒಂದು ಕಾಯಿಯನ್ನು ಎರಡು ಬೆರಳ ನಡುವೆ ಒತ್ತಿ ನೋಡಿ. ಒಳ್ಳೆಯದಾದರೆ ಮೆತ್ತಗೆ ಸೀಳುತ್ತೆ. ಒಳಗೆ ಹಸಿರು ಮಿಶ್ರಿತ ಕಂದು ತಿರುಳು, ಬೆರಳಿಗೆ ಅಂಟು, ಆ ಅಂಟು ತೊಳೆದರೂ ಬೇಗ ಹೋಗಲ್ಲ. ವಾಸನೆ ಈಗ ತಾನೇ ಕುಯ್ದ ಪೈನ್ ಹಲಗೆಯದ್ದು, ಹಿಂದೆ ಸ್ವಲ್ಪ ನಿಂಬೆ. ಗೋಲಿಯಂತೆ ಗಟ್ಟಿ ಇದ್ದು ಮೂಗಿಗೆ ಏನೂ ಹತ್ತದಿದ್ದರೆ ಹಳೇ ಮಾಲು. ವಾಪಸ್ ಕಳಿಸಿ.

ಬಂಗಲೆಹುಡುಗ, ಸಿದ್ದಾಪುರ

ನಮ್ಮ ಎಸ್ಟೇಟ್ ಬಂಗಲೆ ಗೇಟಿನ ಹತ್ತಿರ ಎರಡು ಹಳೇ ಗಿಡ ಇವೆ. ಮಾಲಿ ಜೂನಿಪರ್ ಅಂತಾನೆ. ಚಿಕ್ಕ ನೀಲಿ ಕಾಯಿ ಬಿಡುತ್ತೆ. ಅದನ್ನೇ ಹಾಕಿದರೆ?

ಮೇಷ್ಟ್ರು, ಮಡಿಕೇರಿ

ಬೇಡ. ದಯವಿಟ್ಟು ಬೇಡ. ಅಲಂಕಾರಕ್ಕೆ ನೆಡುವ ಗಿಡಗಳಲ್ಲಿ ಥೂಜಾ, ಬೇರೆ ಬೇರೆ ಜಾತಿಯ ಜೂನಿಪರ್, ಸೈಪ್ರೆಸ್ ಎಲ್ಲ ಇರುತ್ತವೆ. ಜಿನ್ನಿಗೆ ಬಳಸುವುದು ಜೂನಿಪೆರಸ್ ಕಮ್ಯೂನಿಸ್ ಅನ್ನುವ ಜಾತಿ. ಅದೇ ಕುಟುಂಬದ ಜೂನಿಪೆರಸ್ ಸಬೀನಾ ವಿಷ. ಥೂಜಾದಲ್ಲಿ ಥೂಜೋನ್ ಇದೆ, ಅದೂ ಒಳ್ಳೆಯದಲ್ಲ. ಕಾಯಿ ನೋಡಿ ಬೇರ್ಪಡಿಸುವುದು ನನಗೂ ನಿಮಗೂ ಆಗುವ ಕೆಲಸವಲ್ಲ. ಗಿಡ ಗೇಟಿಗೆ ಚಂದ, ಅಲ್ಲೇ ಇರಲಿ.

ಬಂಗಲೆಹುಡುಗ, ಸಿದ್ದಾಪುರ

ಸರಿ ಸರ್, ಬಿಟ್ಟೆ. ಈ ಬಂಗಲೆಯಲ್ಲಿ ಹಿಂದೆ ದೊರೆಗಳು ಜಿನ್ ಕುಡಿಯುತ್ತಿದ್ದರು ಅಂತ ನಮ್ಮ ರೈಟರ್ ಹೇಳುತ್ತಿರುತ್ತಾರೆ. ಇದು ಅವರ ಕಾಲದ್ದೇ ವಿದ್ಯೆಯಾ?

ಮೇಷ್ಟ್ರು, ಮಡಿಕೇರಿ

ಅದಕ್ಕಿಂತ ಹಳೆಯದು. ಕೊಡಗು ಬ್ರಿಟಿಷರ ಕೈಗೆ ಹೋಗಿದ್ದು 1834ರಲ್ಲಿ, ಬಿಳಿಯರ ದೊಡ್ಡ ಕಾಫಿ ತೋಟಗಳು ಶುರುವಾಗಿದ್ದು 1850ರ ದಶಕದಲ್ಲಿ. ಆ ಹೊತ್ತಿಗೆ ಜಿನ್ ಒಂದು ದೊಡ್ಡ ರಾದ್ಧಾಂತ ಮುಗಿಸಿ ಮರ್ಯಾದಸ್ಥ ಆಗುತ್ತಿತ್ತು.

ಮೂಲ ಡಚ್ಚರ ಜೆನೀವರ್, ಜೂನಿಪರ್ ಹಾಕಿದ ಮದ್ಯ. 1688ರಲ್ಲಿ ಡಚ್ ರಾಜಕುಮಾರ ವಿಲಿಯಂ ಇಂಗ್ಲೆಂಡಿಗೆ ಬಂದು ಮರುವರ್ಷ ಸಿಂಹಾಸನ ಏರಿದ. ಫ್ರಾನ್ಸ್ ಜೊತೆ ಜಗಳ, ಹಾಗಾಗಿ ಫ್ರೆಂಚ್ ಬ್ರಾಂಡಿಗೆ ತಡೆ. 1690ರಲ್ಲಿ ಕಾನೂನು ಸಡಿಲಿಸಿ, ಇಂಗ್ಲೆಂಡಿನ ಧಾನ್ಯದಿಂದ ಯಾರು ಬೇಕಾದರೂ ಸ್ಪಿರಿಟ್ ಇಳಿಸಬಹುದು ಅಂತ ಮಾಡಿದರು. ಮೂವತ್ತು ವರ್ಷದಲ್ಲಿ ಲಂಡನ್ನಿನ ಬಡವರ ಕೇರಿಗಳು ಜಿನ್ನಿನಲ್ಲಿ ಮುಳುಗಿದವು. ದೊಡ್ಡ ಭಟ್ಟಿಯವರು ಕಚ್ಚಾ ಸ್ಪಿರಿಟ್ ಇಳಿಸುತ್ತಿದ್ದರು. ಅದನ್ನು ಕೊಂಡು ರುಚಿ ಸೇರಿಸಿ ಮಾರುವವರು ಬೇರೆ. ಈ ಸೇರಿಸುವವರೇ ಕಾಂಪೌಂಡರುಗಳು. ನಮ್ಮ ಅಕ್ಕ ಮಾಡುವ ಕೆಲಸದ ಬೇರು ಅಲ್ಲಿದೆ, ಆದರೆ ಅಲ್ಲಿ ಆಗಿದ್ದು ಅನಾಹುತ. ಜೂನಿಪರ್ ದುಬಾರಿ ಅಂತ ಟರ್ಪೆಂಟೈನ್ (ಪೇಂಟ್ ತೆಳು ಮಾಡುವ ಎಣ್ಣೆ) ಹಾಕುತ್ತಿದ್ದರು. ಯಾಕೆ ಟರ್ಪೆಂಟೈನ್ ಅಂದರೆ ಎರಡರಲ್ಲೂ ಆಲ್ಫಾ ಪೈನೀನ್ ಅನ್ನುವ ಒಂದೇ ಪರಿಮಳದ ವಸ್ತು ಇದೆ. ಮೂಗಿಗೆ ಮೋಸ ಸುಲಭ. ಕೆಲವರು ಗಂಧಕಾಮ್ಲವನ್ನೂ ಬಳಸುತ್ತಿದ್ದರು.

ಸರ್ಕಾರ 1729ರಿಂದ ಕಾಯ್ದೆ ಮೇಲೆ ಕಾಯ್ದೆ ತಂದಿತು. 1736ರ ಕಾಯ್ದೆಯಲ್ಲಿ ಮಾರಾಟದ ಲೈಸೆನ್ಸಿಗೆ ವರ್ಷಕ್ಕೆ 50 ಪೌಂಡ್. ಆ ಕಾಲಕ್ಕೆ ಅದು ಸಾಮಾನ್ಯ ಅಂಗಡಿಯವನ ಕೈಗೆ ಎಟುಕದ ದುಡ್ಡು. ಲೈಸೆನ್ಸ್ ತಗೊಂಡವರು ಬೆರಳೆಣಿಕೆ, ಉಳಿದವರೆಲ್ಲ ಕಳ್ಳ ವ್ಯಾಪಾರ. ಡಡ್ಲಿ ಬ್ರಾಡ್‌ಸ್ಟ್ರೀಟ್ ಅನ್ನುವ ಒಬ್ಬ ಕಿಲಾಡಿ ಬಾಡಿಗೆ ಮನೆಯ ಕಿಟಕಿಗೆ ಬೆಕ್ಕಿನ ಬೋರ್ಡ್ ಹೊಡೆದ. ಬೆಕ್ಕಿನ ಬಾಯಿಗೆ ಕಾಸು ಹಾಕಿ ಬೇಕಾದಷ್ಟು ಕೇಳಿದರೆ, ಪಂಜದ ಕೆಳಗಿನ ಕೊಳವೆಯಿಂದ ಜಿನ್ ಸುರಿಯುತ್ತಿತ್ತು. ಮಾರಿದವನ ಮುಖ ಯಾರಿಗೂ ಕಾಣಲ್ಲ, ಸಾಕ್ಷಿ ಹೇಳುವವರು ಯಾರು? 1743ರಲ್ಲಿ ಆ ಕಾಯ್ದೆ ತೆಗೆದರು. 1751ರ ಕಾಯ್ದೆ ಸ್ವಲ್ಪ ಬುದ್ಧಿವಂತಿಕೆಯದ್ದು, ಲೈಸೆನ್ಸ್ ಇಲ್ಲದವರಿಗೆ ಭಟ್ಟಿಯವರು ಸ್ಪಿರಿಟ್ ಮಾರದಂತೆ ಬಿಗಿ ಮಾಡಿತು. 1757ರಲ್ಲಿ ಬೆಳೆ ಕೈಕೊಟ್ಟು ಧಾನ್ಯದಿಂದ ಭಟ್ಟಿ ಇಳಿಸುವುದನ್ನೇ ಕೆಲ ಕಾಲ ನಿಲ್ಲಿಸಿದರು. ಅಲ್ಲಿಗೆ ಹುಚ್ಚು ಇಳಿಯಿತು.

1830ರ ನಂತರ ಕಾಫಿ ಸ್ಟಿಲ್ ಬಂತು. (ನಮ್ಮ ಕಾಫಿಗೂ ಅದಕ್ಕೂ ಸಂಬಂಧವಿಲ್ಲ, ಮಾಡಿದವನ ಹೆಸರು ಈನಿಯಸ್ ಕಾಫಿ.) ಅದರಲ್ಲಿ ನಿಲ್ಲಿಸದೆ ಭಟ್ಟಿ ಇಳಿಸಬಹುದು, ಬರುವ ಸ್ಪಿರಿಟ್ ಬಹಳ ಶುದ್ಧ. ಕೆಟ್ಟ ವಾಸನೆ ಮುಚ್ಚಲು ಸಕ್ಕರೆ, ಟರ್ಪೆಂಟೈನ್ ಬೇಕಾಗಲಿಲ್ಲ. ಸಿಹಿ ಇಲ್ಲದ ಲಂಡನ್ ಡ್ರೈ ಹುಟ್ಟಿದ್ದು ಆಮೇಲೆ.

ಮಾಜಿ ಫೌಜಿ, ಗೋಣಿಕೊಪ್ಪ

ಬೆಕ್ಕಿನ ಐಡಿಯಾ ಬಹಳ ಚೆನ್ನಾಗಿದೆ ಮೇಷ್ಟ್ರೇ. ನಮ್ಮ ಕಾಲದಲ್ಲಿ ಜಿನ್ ಅಂದರೆ ಆಫೀಸರ್ಸ್ ಮೆಸ್ ಮಾತು, ನಮಗೆಲ್ಲ ರಮ್. ಟಾನಿಕ್ ಹಾಕಿ ಕುಡಿಯುವುದು ಮಲೇರಿಯಾಕ್ಕೆ ಔಷಧಿ ಅನ್ನುತ್ತಿದ್ದರು. ನಿಜವಾ?

ಮೇಷ್ಟ್ರು, ಮಡಿಕೇರಿ

ಅರ್ಧ ನಿಜ ಸರ್. ಸಿಂಕೋನಾ ಮರದ ತೊಗಟೆಯಿಂದ ಮಲೇರಿಯಾದ ಔಷಧಿ ಕ್ವಿನೈನ್ ಬೇರ್ಪಡಿಸಿದ್ದು 1820ರಲ್ಲಿ, ಫ್ರಾನ್ಸಿನಲ್ಲಿ. 1860ರ ದಶಕದಲ್ಲಿ ನಮ್ಮ ಪಕ್ಕದ ನೀಲಗಿರಿಯಲ್ಲೇ ಸರ್ಕಾರ ಸಿಂಕೋನಾ ತೋಟ ಮಾಡಿತು. ಕಹಿ ಕ್ವಿನೈನನ್ನು ಸಕ್ಕರೆ, ಸೋಡಾ ಸೇರಿಸಿ ಬಾಟಲಿಗೆ ತುಂಬಿದ್ದೇ ಟಾನಿಕ್ ನೀರು. 1858ರಲ್ಲಿ ಲಂಡನ್ನಿನಲ್ಲಿ ಅದಕ್ಕೆ ಪೇಟೆಂಟ್ ಆಯಿತು. ಆದರೆ ಈಗಿನ ಟಾನಿಕ್ಕಿನಲ್ಲಿ ಕ್ವಿನೈನ್ ರುಚಿಗೆ ಮಾತ್ರ. ಅದನ್ನು ಕುಡಿದು ಮಲೇರಿಯಾ ವಾಸಿಯಾಗಲ್ಲ. ಇನ್ನೊಂದು ಮಾತು, ಸಿಂಕೋನಾ ತೊಗಟೆ ತಂದು ಮನೆಯಲ್ಲೇ ಟಾನಿಕ್ ಕುದಿಸಲು ಹೋಗಬೇಡಿ. ಕ್ವಿನೈನ್ ಜಾಸ್ತಿಯಾದರೆ ಕಿವಿಯಲ್ಲಿ ಗುಂಯ್ ಶಬ್ದ, ಕಣ್ಣು ಮಂಜು, ಎದೆಬಡಿತದ ತೊಂದರೆ ಎಲ್ಲ ಬರುತ್ತೆ.

ನಾಪೋಕ್ಲು ನರ್ಸಮ್ಮ

ಆಸ್ಪತ್ರೆ ಕೆಲಸದವಳಾಗಿ ಒಂದು ಸೇರಿಸುತ್ತೇನೆ. ನೆನೆಹಾಕುವುದರಿಂದ ಮಿಥೈಲ್ ಆಲ್ಕೋಹಾಲ್ ಹುಟ್ಟಲ್ಲ, ಅದರ ಭಯ ಬೇಡ. ಅಪಾಯ ಇರುವುದು ಸ್ಪಿರಿಟ್ ಎಲ್ಲಿಂದ ಬಂತು ಅನ್ನುವುದರಲ್ಲಿ. ಸರ್ಜಿಕಲ್ ಸ್ಪಿರಿಟ್, ಸ್ಯಾನಿಟೈಸರ್, ಪಾಲಿಶ್ ಸ್ಪಿರಿಟ್, "ಪರಿಚಯದವರು ಕ್ಯಾನಿನಲ್ಲಿ ಕೊಟ್ಟರು" ಅನ್ನುವ ಮಾಲು, ಯಾವುದನ್ನೂ ಮುಟ್ಟಬೇಡಿ. 1981ರಲ್ಲಿ ಬೆಂಗಳೂರಿನಲ್ಲಿ ಮಿಥೈಲ್ ಬೆರೆತ ಕಳ್ಳಭಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧ ಇದ್ದಾಗ ಇದೇ ಕಥೆ. ಕೈಗಾರಿಕೆಯ ಸ್ಪಿರಿಟ್ ಕುಡಿಯಬಾರದು ಅಂತ ಸರ್ಕಾರವೇ ಅದಕ್ಕೆ ವಿಷ ಸೇರಿಸಿಸುತ್ತಿತ್ತು. ಕಳ್ಳರು ಅದನ್ನೇ ಕದ್ದು, ಅರೆಬರೆ ಶುದ್ಧ ಮಾಡಿ, ಜೂನಿಪರ್ ಎಣ್ಣೆ, ಗ್ಲಿಸರಿನ್ ಬೆರೆಸಿ ಜಿನ್ ಅಂತ ಮಾರಿದರು. ಬಾತ್‌ಟಬ್ ಜಿನ್ ಅಂತ ಕೇಳಿರುತ್ತೀರಿ, ಅದು ಇದೇ. ಎಷ್ಟೋ ಜನರ ಕಣ್ಣು ಹೋಯಿತು, ಜೀವ ಹೋಯಿತು.

ಗರ್ಭಿಣಿಯರಿಗೆ ಮದ್ಯವೇ ಕೂಡದು. ಕಿಡ್ನಿ ತೊಂದರೆ ಇರುವವರೂ ಜೂನಿಪರ್ ತಂಟೆಗೆ ಹೋಗಬೇಡಿ.

ತಂಗಾಳಿ ಹೋಂಸ್ಟೇ, ಸೋಮವಾರಪೇಟೆ ಕಡೆ

ಅಕ್ಕ, ನಮ್ಮ ಗೆಸ್ಟ್‌ಗಳಿಗೆ ವೆಲ್ಕಮ್ ಡ್ರಿಂಕ್ ಆಗಿ ಕೊಡಬಹುದಾ? ಬೆಂಗಳೂರಿನವರು ಇಂಥದ್ದಕ್ಕೆ ಬೀಳುತ್ತಾರೆ. ರೂಮಿನ ಬಾಡಿಗೆಯಲ್ಲೇ ಸೇರಿಸಿಬಿಟ್ಟರೆ?

ಕಾಫಿಗೊಂಚಲು, ವಿರಾಜಪೇಟೆ

ಬೇಡ. ಲೈಸೆನ್ಸ್ ಇಲ್ಲದೆ ಭಟ್ಟಿ ಇಳಿಸುವುದೂ ಮದ್ಯ ಮಾರುವುದೂ ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಅಪರಾಧ. ಬಾಡಿಗೆಯಲ್ಲಿ ಸೇರಿಸಿದರೂ ದುಡ್ಡು ತಗೊಂಡು ಕೊಟ್ಟ ಹಾಗೇ. ವ್ಯಾಪಾರದ ಯೋಚನೆ ಇದ್ದರೆ ಮೊದಲು ಅಬಕಾರಿ ಆಫೀಸಿಗೆ ಹೋಗಿ ಕೇಳಿ. ನಾನು ಮಾಡುವುದು ಪುತ್ತರಿ ಸುಗ್ಗಿ ಹಬ್ಬಕ್ಕೆ ಬರುವ ನೆಂಟರಿಗೆ, ಅದೂ ಒಂದೊಂದು ಬಾಟಲಿ. ಗೆಸ್ಟ್‌ಗಳಿಗೆ ಕಾಫಿ ಕೊಡಿ. ಅದಕ್ಕೂ ಬೀಳುತ್ತಾರೆ.

ಏಲಕ್ಕಿಮಲೆ, ಸೋಮವಾರಪೇಟೆ

ಮಾಡಿದೆ! ಅಕ್ಕ ಹೇಳಿದ ಹಾಗೆ ಏಲಕ್ಕಿ ಒಂದೇ. ಸೋಸಿದಾಗ ಜೇನಿನ ಬಣ್ಣ, ತಿಳಿಯಾಗಿತ್ತು. ಲೋಟಕ್ಕೆ ಹಾಕಿ ಐಸು, ಟಾನಿಕ್ ಸುರಿದ ಕೂಡಲೇ ಮಬ್ಬಾಯಿತು. ಗಂಜಿ ನೀರಿನ ಥರ. ಏನೋ ಕೆಟ್ಟಿದೆ ಅಂತ ನನ್ನ ಹೆಂಡತಿ ಮೂಸಿ ನೋಡಿ ದೂರ ಇಟ್ಟಳು. ಮೇಷ್ಟ್ರೇ?

ಮೇಷ್ಟ್ರು, ಮಡಿಕೇರಿ

ಕೆಟ್ಟಿಲ್ಲ, ಅವರಿಗೆ ಹೇಳಿ. ಜೂನಿಪರ್ ಮತ್ತು ಸಿಪ್ಪೆಯ ಎಣ್ಣೆ ಆಲ್ಕೋಹಾಲಿನಲ್ಲಿ ಕರಗಿರುತ್ತೆ. ನೀರು ಸೇರಿದ ಹಾಗೆ ಆಲ್ಕೋಹಾಲಿನ ಪ್ರಮಾಣ ಇಳಿಯುತ್ತೆ. ಎಣ್ಣೆಗೆ ಕರಗಿ ಇರಲು ಆಗಲ್ಲ, ಸಣ್ಣ ಸಣ್ಣ ಹನಿಯಾಗಿ ಹೊರಗೆ ಬರುತ್ತೆ. ಆ ಹನಿಗಳು ಬೆಳಕನ್ನು ಚದುರಿಸುವುದರಿಂದ ಮಬ್ಬು ಕಾಣುತ್ತೆ. ತಣ್ಣಗಾದಷ್ಟೂ ಜಾಸ್ತಿ. ನೀವು ಸಿಪ್ಪೆ ಸ್ವಲ್ಪ ಧಾರಾಳವಾಗಿ ಹಾಕಿದ್ದೀರಿ ಅನ್ನಿಸುತ್ತೆ.

ಏಲಕ್ಕಿಮಲೆ, ಸೋಮವಾರಪೇಟೆ

ಒಂದು ಪೂರ್ತಿ ಹಣ್ಣಿನದ್ದು. ಏಲಕ್ಕಿಯಲ್ಲಿ ಉಳಿಸಿದ್ದನ್ನು ಅಲ್ಲಿ ತೀರಿಸಿಕೊಂಡೆ.

ಕಾಫಿಗೊಂಚಲು, ವಿರಾಜಪೇಟೆ

ಹಾಗನ್ನಿ! ಕೊಡಗಿನ ಕಿತ್ತಳೆ ಸಿಪ್ಪೆ ತೆಳು, ಹಣ್ಣಿಗೆ ಅಂಟಿರಲ್ಲ, ಒಳಗಿನ ಬಿಳಿ ಭಾಗ ಕಡಿಮೆ. ನಮ್ಮ ಕೆಲಸಕ್ಕೆ ಅದೇ ಬೇಕು, ಯಾಕಂದರೆ ಕಹಿ ಇರುವುದು ಬಿಳಿಯಲ್ಲಿ. ಸಿಪ್ಪೆಯನ್ನು ಹಲಗೆ ಮೇಲೆ ಮಗುಚಿ ಹಾಕಿ, ಚಮಚದ ಅಂಚಿನಿಂದ ಬಿಳಿ ನಾರನ್ನು ಕೆರೆದು ತೆಗೆಯಿರಿ. ಹೊರಗಿನ ಕಿತ್ತಳೆ ಬಣ್ಣದ ಚುಕ್ಕಿಗಳು ಇನ್ನೊಂದು ಬದಿಯಿಂದ ಕಾಣುವಷ್ಟು ತೆಳು ಮಾಡಬೇಕು. ಆಮೇಲೆ ಬೆಳಕಿಗೆ ಹಿಡಿದು ಮಡಚಿ, ಎಣ್ಣೆ ತುಂತುರು ಹಾರುವುದು ಕಾಣುತ್ತೆ. ಹಾರದಿದ್ದರೆ ಆ ಸಿಪ್ಪೆ ಒಣಗಿದೆ, ಬಿಟ್ಟುಬಿಡಿ.

ಈಗ ಈ ಹಣ್ಣು ಸಿಗುವುದೇ ಕಷ್ಟ. ಅಜ್ಜನ ಕಾಲದಲ್ಲಿ ಕಾಫಿ ನಡುವೆ ಸಾಲು ಸಾಲು ಕಿತ್ತಳೆ ಇತ್ತು. ಕಿತ್ತಳೆ ಗಿಡ ಸೊರಗಿಸುವ ಗ್ರೀನಿಂಗ್ ರೋಗ ಬಂದು ಎಷ್ಟೋ ತೋಟ ಖಾಲಿ ಆಯಿತು. ಊರಿನ ಹೆಸರಿಗೆ ಸಿಗುವ ಜಿಐ ಟ್ಯಾಗ್ ಇದೆ, ಹಣ್ಣಿಲ್ಲ. ಇರುವ ನಾಲ್ಕು ಮರದ ಹಣ್ಣನ್ನು ನಾವು ತಿಂದು, ಸಿಪ್ಪೆ ಬಾಟಲಿಗೆ.

ಕುಶಾಲನಗರದ ಕಿಟ್ಟಿ

ನಿಂಬೆ ಬದಲು ಟಾನಿಕ್ಕಿಗೆ ಒಂದು ಹನಿ ಕಾಚಂಪುಳಿ (ನಮ್ಮ ಕೊಡಗಿನ ಕಪ್ಪು ಹುಳಿ) ಹಾಕಿ ನೋಡಿ. ಒಂದೇ ಹನಿ. ಎರಡು ಹಾಕಿದರೆ ಪಂದಿಕರಿ ನೆನಪಾಗುತ್ತೆ. ನೇರಳೆ ಬಣ್ಣ ಬಿಡುವ ಮದ್ದ್ ಸೊಪ್ಪು ಹಾಕಿದರೆ ಹೇಗೆ ಅಕ್ಕ? ನೇರಳೆ ಬಣ್ಣದ ಜಿನ್ ಈಗ ಫ್ಯಾಶನ್ ಅಲ್ವಾ.

ಕಾಫಿಗೊಂಚಲು, ವಿರಾಜಪೇಟೆ

ಕಾಚಂಪುಳಿ ಸೂಪರ್. ಮದ್ದ್ ಸೊಪ್ಪು ಕಕ್ಕಡ ತಿಂಗಳ ಹದಿನೆಂಟನೇ ದಿನಕ್ಕೆ ಪಾಯಸದಲ್ಲಿ ಇರಲಿ ಕಿಟ್ಟಿ. ಮರುದಿನ ಬಾತ್‌ರೂಮಿನಲ್ಲಿ ಬಣ್ಣ ನೋಡಿ ಗೊತ್ತಿಲ್ಲದ ನೆಂಟರು ನರ್ಸಮ್ಮನ ಹತ್ತಿರ ಓಡುತ್ತಾರೆ.

ಬಣ್ಣವೇ ಬೇಕಾದರೆ ನೇರಳೆ ಹಣ್ಣು ಬರುವಾಗ ಬೇರೆ ದಾರಿ ಇದೆ. ಇಂಗ್ಲೆಂಡಿನಲ್ಲಿ ಸ್ಲೋ ಅನ್ನುವ ಒಗರು ಬೇಲಿ ಹಣ್ಣನ್ನು ಸಕ್ಕರೆ ಸಮೇತ ಜಿನ್ನಿನಲ್ಲಿ ಎರಡು ಮೂರು ತಿಂಗಳು ಇಡುತ್ತಾರೆ. ನಮ್ಮ ನೇರಳೆಯೂ ಒಗರೇ. ಹಣ್ಣು ತೊಳೆದು, ಪೂರ್ತಿ ಒಣಗಿಸಿ, ಬಾಟಲಿಯ ಅರ್ಧ ತುಂಬಿ, ಒಂದು ಹಿಡಿ ಸಕ್ಕರೆ ಹಾಕಿ, ಸೋಸಿದ ಜಿನ್ ಸುರಿಯಿರಿ. ಹಣ್ಣು ಪೂರ್ತಿ ಮುಳುಗಿರಬೇಕು. ಇದಕ್ಕೆ ಮಾತ್ರ ಅವಸರ ಬೇಡ.

ಬೆಂಗಳೂರಲ್ಲಿರೋ ಪೊನ್ನಂಪೇಟೆಯವ

ಇಲ್ಲಿ ಕೊಡಗಿನ ಕಿತ್ತಳೆ ಅಂತ ಗಾಡಿಯಲ್ಲಿ ಮಾರುವುದು ಹೆಚ್ಚಾಗಿ ನಾಗ್ಪುರದ್ದು. ಅದು ನಡೆಯುತ್ತಾ? ಸೂಪರ್ ಮಾರ್ಕೆಟಿನ ಫಾರಿನ್ ಕಿತ್ತಳೆ ಹೊಳೆಯುತ್ತಿರುತ್ತೆ, ಅದು? ಮತ್ತೆ ಎಷ್ಟು ದಿನ ಇಡಬಹುದು?

ಕಾಫಿಗೊಂಚಲು, ವಿರಾಜಪೇಟೆ

ನಾಗ್ಪುರದ್ದು ಧಾರಾಳವಾಗಿ ನಡೆಯುತ್ತೆ. ಹೊಳೆಯುವ ಹಣ್ಣಿಗೆ ಮೇಣ ಹಚ್ಚಿರುತ್ತಾರೆ. ಬಿಸಿನೀರಿನಲ್ಲಿ ಉಜ್ಜಿ ತೊಳೆದು, ಒರೆಸಿ, ಆಮೇಲೆ ಸಿಪ್ಪೆ ತೆಗೆಯಿರಿ. ಆದಷ್ಟು ಮೇಣ ಇಲ್ಲದ್ದೇ ಹುಡುಕಿ.

ಸೋಸಿದ ಮೇಲೆ ಎರಡು ಮೂರು ದಿನ ಸುಮ್ನೆ ನಿಲ್ಲಿಸಿ. ತಳದಲ್ಲಿ ಕೂತ ಗಸಿ ಬಿಟ್ಟು ಮೇಲಿನದ್ದನ್ನು ಬೇರೆ ಬಾಟಲಿಗೆ ಬಗ್ಗಿಸಿ. ಮಸಾಲೆ ಒಂದು ಚೂರೂ ಒಳಗಿರಬಾರದು, ಇದ್ದರೆ ದಿನದಿನಕ್ಕೆ ಕಹಿ ಏರುತ್ತೆ. ಕತ್ತಲಲ್ಲಿಟ್ಟರೆ ಕೆಡಲ್ಲ, ಆದರೆ ಕಿತ್ತಳೆ ಪರಿಮಳ ಕೆಲವು ತಿಂಗಳಲ್ಲಿ ಮಂಕಾಗುತ್ತೆ. ಬಾಟಲಿ ಮೇಲೆ ಏನು ಹಾಕಿದ್ದೀರಿ, ಯಾವ ತಾರೀಖು ಅಂತ ಚೀಟಿ ಅಂಟಿಸಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ. ನಮ್ಮ ಮನೆಯಲ್ಲಿ ಚೀಟಿ ಇಲ್ಲದ ಬಾಟಲಿಯನ್ನು ವಿನಿಗರ್ ಅಂತ ಒಬ್ಬರು ಸಲಾಡಿಗೆ ಸುರಿದಿದ್ದಾರೆ. ಯಾರು ಅಂತ ಹೇಳಲ್ಲ, ಅವರೂ ಇಲ್ಲೇ ಓದುತ್ತಿರುತ್ತಾರೆ.